ಆರು ಸಹಿ ಬೇಕು, ಮೊದಲನೆಯದು ನಿಮ್ಮದಾಗಲಿ

ಪ್ರಶ್ನೆ: ನನಗೆ 44 ವರ್ಷ. ತವರು ಕುಂದಾಪುರದ ಹತ್ತಿರ. ಮದುವೆಯಾಗಿ ಮುಂಬೈಗೆ ಬಂದವಳು, ಈಗ ಭಾಂಡುಪ್ ಪಶ್ಚಿಮದಲ್ಲಿದ್ದೇವೆ. ನಮ್ಮ ಬಿಲ್ಡಿಂಗ್ 1989ರದ್ದು, ಏಳು ಮಾಳಿಗೆ, 28 ಫ್ಲ್ಯಾಟ್. ಕಳೆದ ಮಳೆಗಾಲದಲ್ಲಿ ಮೂರನೇ ಮಾಳಿಗೆಯ ಮೆಟ್ಟಿಲ ಮೇಲೆ ಸ್ಲ್ಯಾಬಿನ ಪ್ಲಾಸ್ಟರ್ ಕಳಚಿ ಬಿತ್ತು. ಸ್ವಲ್ಪ ಹೊತ್ತಿನ ಮುಂಚೆ ಮಕ್ಕಳು ಅಲ್ಲೇ ಆಡುತ್ತಿದ್ದರು. ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೋ ಹಾಕಿ ‘ಯಾರಾದರೂ ದಯವಿಟ್ಟು ನೋಡಿ’ ಎಂದು ಬರೆದೆ. ಕೈಮುಗಿದ ಚಿತ್ರಗಳು ಬಂದವು, ಅಷ್ಟೇ. ಮೀಟಿಂಗ್‌ನಲ್ಲಿ ಎಲ್ಲರೂ ‘ಬಘೂಯಾ’ (ನೋಡೋಣ) ಅನ್ನುತ್ತಾರೆ. ಊರಲ್ಲಿ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಣ್ಣ ಮಾಡಿಸುತ್ತಾನೆಂದು ನಾನು, ತಂಗಿ ಬಂದಾಗ ನೋಡೋಣವೆಂದು ಅವನು, ಹೀಗೇ ಎರಡು ವರ್ಷ ಆಯಿತು. ಆಫೀಸಿನಲ್ಲೂ ಸಾಹೇಬರೇ ಕರೆದು ಹೇಳಲಿ ಎಂದು ಸಂಬಳದ ಮಾತೆತ್ತಿಲ್ಲ. ಯಜಮಾನರು ‘ಊರ ಉಸಾಬರಿ ನಮಗೆ ಬೇಡ, ಅದೂ ಪರಊರಿನಲ್ಲಿ’ ಅನ್ನುತ್ತಾರೆ. ನನ್ನ ಸ್ವಭಾವವೇ ಹೀಗೆ. ಇದು ಬದಲಾಗುತ್ತದೆಯೇ?

ಉತ್ತರ: ಸ್ವಭಾವದ ಮಾತನ್ನು ಮೊದಲು ಬದಿಗಿಡಿ. ನೀವು ಪುಕ್ಕಲು ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ನನಗೆ ಒಂದು ಗುರುತೂ ಸಿಗಲಿಲ್ಲ. ಭಾಷೆ ಬಾರದ ಊರಿಗೆ ಬಂದು, ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಕಾಲೂರಲು ಜಾಗ ಮಾಡಿಕೊಂಡು, ಮನೆ ಆಫೀಸು ಎರಡನ್ನೂ ತೂಗಿಸಿಕೊಂಡು ಬಂದಿದ್ದೀರಿ. ಒಬ್ಬರೇ ಮಾಡಬೇಕಾದ ಕೆಲಸದಲ್ಲಿ ನೀವು ಯಾರಿಗೂ ಕಾಯುವವರಲ್ಲ. ನಾಲ್ಕು ಜನರಿಗೆ ಸೇರಿದ ಕೆಲಸ ಎದುರಾದಾಗ ಮಾತ್ರ ನಿಮ್ಮ ಕಾಲು ನಿಲ್ಲುತ್ತದೆ. ಬಿಲ್ಡಿಂಗ್ 28 ಮನೆಯವರದ್ದು, ಅಮ್ಮ ಇಬ್ಬರು ಮಕ್ಕಳಿಗೂ ಅಮ್ಮ. ಅಂಥ ಕಡೆ ಮನುಷ್ಯರೆಲ್ಲರ ಕಾಲೂ ನಿಲ್ಲುತ್ತದೆ. ಅದಕ್ಕೆ ಕಾರಣವಿದೆ, ಉಪಾಯವೂ ಇದೆ. ನಾನು ಆಪ್ತಸಮಾಲೋಚಕಿ, ಜೊತೆಗೆ ಸೊಸೈಟಿ ಕಮಿಟಿಯಲ್ಲಿ ಕೂತು ಕೆಲಸ ಮಾಡಿದವಳು. ಹಾಗಾಗಿ ಮನಸ್ಸಿನ ಮಾತನ್ನೂ ಕಾಗದಪತ್ರದ ಮಾತನ್ನೂ ಸೇರಿಸಿಯೇ ಹೇಳುತ್ತೇನೆ.

1968ರಲ್ಲಿ ನ್ಯೂಯಾರ್ಕಿನಲ್ಲಿ ಬಿಬ್ ಲಟಾನೆ, ಜಾನ್ ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕಾಲೇಜು ಹುಡುಗರನ್ನು ಕೋಣೆಯಲ್ಲಿ ಕೂರಿಸಿ ಒಂದು ಫಾರ್ಮ್ ತುಂಬಲು ಹೇಳಿ, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕೂತಿದ್ದಾಗ ನಾಲ್ವರಲ್ಲಿ ಮೂವರು ಎದ್ದು ಹೋಗಿ ವಿಷಯ ತಿಳಿಸಿದರು. ಮೂವರನ್ನು ಒಟ್ಟಿಗೆ ಕೂರಿಸಿದಾಗ ಅಂಥ ಗುಂಪುಗಳಲ್ಲಿ ಶೇ 38ರಲ್ಲಿ ಮಾತ್ರ ಯಾರೋ ಒಬ್ಬರು ಎದ್ದರು. ಉಳಿದವರು ಕಣ್ಣುಜ್ಜಿಕೊಳ್ಳುತ್ತ, ಕೆಮ್ಮುತ್ತ ಫಾರ್ಮ್ ತುಂಬುತ್ತಲೇ ಇದ್ದರು. ಆಮೇಲೆ ಕೇಳಿದರೆ ಅದು ಆವಿ ಅಂದುಕೊಂಡೆವು, ಏಸಿಯಿಂದ ಬಂದದ್ದು ಅಂದುಕೊಂಡೆವು ಎಂದರು. ಒಬ್ಬೊಬ್ಬನೂ ಪಕ್ಕದವನ ಮುಖ ನೋಡಿದ. ಪಕ್ಕದವನು ಸುಮ್ಮನಿದ್ದ. ಹಾಗಾದರೆ ಏನೂ ಆಗಿಲ್ಲ ಎಂದು ತೀರ್ಮಾನಿಸಿದ. ನಿಮ್ಮ ಮೀಟಿಂಗ್‌ನಲ್ಲಿ ‘ಬರೀ ಪ್ಲಾಸ್ಟರ್ ತಾನೇ, ಹಳೇ ಬಿಲ್ಡಿಂಗ್ ಅಂದಮೇಲೆ ಬೀಳುತ್ತೆ’ ಎಂದು ಯಾರಾದರೂ ಅಂದಿರಲೇಬೇಕು. ಅದೂ ಇದೇ ಜಾತಿಯ ಮಾತು.

ಅದೇ ವರ್ಷ ಅವರು ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಇಂಟರ್‌ಕಾಮ್‌ನಲ್ಲಿ ಕೇಳಿಸಿದರು. ‘ಕೇಳಿಸಿಕೊಳ್ಳುತ್ತಿರುವವನು ನಾನೊಬ್ಬನೇ’ ಎಂದು ತಿಳಿದವರಲ್ಲಿ ಶೇ 85 ಜನ ಆ ಹುಡುಗ ಒದ್ದಾಡುತ್ತಿರುವಾಗಲೇ ಓಡಿ ಹೋದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದು ನಂಬಿದ್ದವರಲ್ಲಿ ಹಾಗೆ ಓಡಿದ್ದು ಶೇ 31 ಜನ. ನನ್ನ ಮನಸ್ಸಿನಲ್ಲಿ ಉಳಿದದ್ದು ಓಡಿಹೋಗದವರ ಸ್ಥಿತಿ. ಪ್ರಯೋಗ ಮುಗಿಸಿ ಒಳಗೆ ಹೋದಾಗ ಅವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು, ‘ಅವನಿಗೆ ಏನೂ ಆಗಿಲ್ಲ ತಾನೆ?’ ಎಂದು ಅವರೇ ಕೇಳಿದರು. ಕಲ್ಲು ಮನಸ್ಸಿನವರಾಗಿದ್ದರೆ ಕೈ ಏಕೆ ನಡುಗಬೇಕು? ನಿಮ್ಮ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದವರೂ ಆ ರಾತ್ರಿ ಮೆಟ್ಟಿಲು ಹತ್ತುವಾಗ ತಲೆ ಎತ್ತಿ ನೋಡಿಯೇ ಹತ್ತಿರುತ್ತಾರೆ. ಅವರನ್ನು ದೂರಬೇಡಿ. ಅವರೂ ನಿಮ್ಮ ಹಾಗೆಯೇ ಕಾಯುತ್ತಿದ್ದಾರೆ, ಅವರಲ್ಲಿ ಕೆಲವರು ಕಾಯುತ್ತಿರುವುದು ನಿಮಗಾಗಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2019ರಲ್ಲಿ ಸಂಶೋಧಕರು ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್, ಇಂಗ್ಲೆಂಡಿನ ಲ್ಯಾಂಕ್ಯಾಸ್ಟರ್ ಊರುಗಳ ಬೀದಿಜಗಳಗಳ ಸಿಸಿಟಿವಿ ಚಿತ್ರಗಳನ್ನು ಕೂತು ನೋಡಿದರು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಸುತ್ತ ನಿಂತವರಲ್ಲಿ ಒಬ್ಬರಾದರೂ ನಡುವೆ ಬಂದು ಬಿಡಿಸಲು ನೋಡಿದ್ದರು. ಕಣ್ಣೆದುರು ಹೊಡೆದಾಟ ನಡೆಯುತ್ತಿದ್ದರೆ ಅದು ಆವಿಯೋ ಹೊಗೆಯೋ ಎಂಬ ಅನುಮಾನಕ್ಕೆ ಎಡೆಯಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನಿಮ್ಮ ಕೆಲಸ ಏನು ಎಂಬುದು ತಿಳಿಯಾಗುತ್ತದೆ. ಬಿಲ್ಡಿಂಗ್ ರಿಪೇರಿ ಮಾಡಿಸುವುದು ನಿಮ್ಮೊಬ್ಬರ ಕೆಲಸ ಅಲ್ಲ. ಆಗಿರುವುದು ಏನು ಎನ್ನುವುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಎಲ್ಲರ ಮುಂದಿಡುವುದು, ಆಮೇಲೆ ಹೆಸರು ಹಿಡಿದು ಕೇಳುವುದು, ಇಷ್ಟೇ ನಿಮ್ಮದು.

‘ಯಾರಾದರೂ ನೋಡಿ’ ಎಂಬ ಸಂದೇಶಕ್ಕೆ ಉತ್ತರ ಬಾರದಿದ್ದುದು ಅದಕ್ಕೇ. ಅದು 28 ಮನೆಗೂ ಹೋಯಿತು, ಯಾವ ಬಾಗಿಲನ್ನೂ ತಟ್ಟಲಿಲ್ಲ. ‘ಸೆಕ್ರೆಟರಿಯವರೇ, ಶನಿವಾರ ಬೆಳಗ್ಗೆ ಹತ್ತಕ್ಕೆ ಮೂರನೇ ಮಾಳಿಗೆಗೆ ಐದು ನಿಮಿಷ ಬರುತ್ತೀರಾ? ನಾನು ಅಲ್ಲೇ ಇರುತ್ತೇನೆ’ ಎಂದು ಅವರೊಬ್ಬರಿಗೇ ಕಳಿಸಿ ನೋಡಿ. ಬರುತ್ತೇನೆ, ಇಲ್ಲ, ಎರಡರಲ್ಲಿ ಒಂದನ್ನು ಅವರು ಹೇಳಲೇಬೇಕಾಗುತ್ತದೆ. ಇಲ್ಲ ಎಂದರೂ ಲಾಭವೇ: ಅದು ಬರಹದಲ್ಲಿರುತ್ತದೆ.

ಈಗ ಬಿಲ್ಡಿಂಗ್ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜನ ಹಿಂಜರಿಯುವುದಕ್ಕೆ ಅರ್ಧ ಕಾರಣ ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ಗೊತ್ತಿಲ್ಲದಿರುವುದು. ನಮ್ಮ ಮುಂಬೈಯ ಉಪ್ಪುಗಾಳಿಯಲ್ಲಿ ನೀರು ಸ್ಲ್ಯಾಬಿನೊಳಗೆ ಇಳಿದರೆ ಕಬ್ಬಿಣದ ಸಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಮೇಲಿನ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಬಿದ್ದ ಜಾಗದಲ್ಲಿ ತುಕ್ಕುಗೆಂಪಿನ ಸಳಿ ಕಾಣುತ್ತಿದೆಯೇ ನೋಡಿ, ಕಂಡರೆ ಹತ್ತಿರದಿಂದ ಒಂದು ಫೋಟೋ ತೆಗೆದಿಡಿ. ಹಾಗಿದ್ದರೆ ಪ್ಲಾಸ್ಟರ್ ಮತ್ತೆ ಮೆತ್ತಿಸಿ ಬಣ್ಣ ಹೊಡೆಸುವುದು ರೋಗ ಮುಚ್ಚಿಟ್ಟ ಹಾಗೆ. ಎಷ್ಟು ಕೆಟ್ಟಿದೆ ಎಂದು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ನೀವೂ ಅಲ್ಲ, ಚೇರ್ಮನ್ನರೂ ಅಲ್ಲ.

ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮದಂತೆ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿಯಿದೆ ಎಂಬ ತಪಾಸಣೆ ಆಗಬೇಕು. ಮುಂಬೈ ಮಹಾನಗರಪಾಲಿಕೆಯ ಕಾಯ್ದೆಯ 353ಬಿ ಕಲಮೂ 30 ವರ್ಷ ದಾಟಿದ ಕಟ್ಟಡಕ್ಕೆ ಇಂಥ ತಪಾಸಣೆ ಕಡ್ಡಾಯ ಎನ್ನುತ್ತದೆ. ನಿಮ್ಮದು 1989ರದ್ದು. ಅಂದರೆ ನೀವು ಯಾರ ಹತ್ತಿರವೂ ಉಪಕಾರ ಕೇಳುತ್ತಿಲ್ಲ, ಈಗಾಗಲೇ ಆಗಿರಬೇಕಿದ್ದನ್ನು ಕೇಳುತ್ತಿದ್ದೀರಿ. ವರದಿ ಬಂದ ಮೇಲೆ ಕಟ್ಟಡ ಒಂದು ದರ್ಜೆಗೆ ಬೀಳುತ್ತದೆ. ಸಿ-1 ಎಂದರೆ ವಾಸಕ್ಕೆ ಅಪಾಯ, ಖಾಲಿ ಮಾಡಿ ಕೆಡವಬೇಕು. ಸಿ-3 ಎಂದರೆ ಸಣ್ಣಪುಟ್ಟ ರಿಪೇರಿ ಸಾಕು. ನಡುವಿನ ಸಿ-2 ದರ್ಜೆಗಳಲ್ಲಿ ದೊಡ್ಡ ರಿಪೇರಿ ಬೇಕು, ಕೆಲವೊಮ್ಮೆ ಒಂದು ಭಾಗ ಖಾಲಿ ಮಾಡಬೇಕಾಗುತ್ತದೆ. ಆ ಒಂದು ಅಕ್ಷರ, ಒಂದು ಅಂಕಿ ಕಾಗದದ ಮೇಲೆ ಬಂದ ದಿನ ‘ಬಘೂಯಾ’ ಅನ್ನುವುದು ಯಾರಿಗೂ ಸುಲಭವಲ್ಲ.

ಆಡಿಟ್ ಮಾಡಿಸಿ ಎಂದು ಕೇಳುವ ದಾರಿ ಹೀಗಿದೆ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ, 1960ರ 76ನೇ ಕಲಮಿನ ಪ್ರಕಾರ ಐದನೇ ಒಂದು ಭಾಗದಷ್ಟು ಸದಸ್ಯರು ಬರೆದು ಕೊಟ್ಟರೆ ಒಂದು ತಿಂಗಳೊಳಗೆ ವಿಶೇಷ ಸಭೆ ಕರೆಯಲೇಬೇಕು. 28 ಫ್ಲ್ಯಾಟಿಗೆ ಲೆಕ್ಕ ಹಾಕಿದರೆ ಆರು ಸಹಿ. ಕಳೆದ ಮಳೆಗಾಲದಿಂದ ನೀವು 27 ಮನೆಯವರ ಮನಸ್ಸು ಬದಲಾಗಲೆಂದು ಕಾಯುತ್ತಿದ್ದರೆ, ಕಾನೂನು ಕೇಳುವುದು ನಿಮ್ಮ ಜೊತೆಗೆ ಇನ್ನೈದು ಜನರನ್ನು ಮಾತ್ರ. ಸಹಿ ಮಾಡುವವರು ಸದಸ್ಯರೇ ಆಗಿರಬೇಕು. ನಿಮ್ಮ ಮನೆಯ ಶೇರ್ ಸರ್ಟಿಫಿಕೇಟ್ ತೆಗೆದು ಮೊದಲ ಹೆಸರು ಯಾರದ್ದೆಂದು ನೋಡಿ. ಯಜಮಾನರದ್ದಾಗಿದ್ದರೆ ಅವರ ಸಹಿಯೇ ಬೇಕು. ಊರ ಉಸಾಬರಿ ಬೇಡ ಎನ್ನುವವರನ್ನು ಒಪ್ಪಿಸುವ ಕೆಲಸ ಆಗ ಮನೆಯೊಳಗಿಂದಲೇ ಶುರುವಾಗುತ್ತದೆ. ಅವರಿಗೆ ಇಷ್ಟು ಹೇಳಿ: ಇದು ಊರ ಉಸಾಬರಿ ಅಲ್ಲ, ನಮ್ಮ ತಲೆಯ ಮೇಲಿನ ಸ್ಲ್ಯಾಬ್.

ಪತ್ರ ಉದ್ದ ಬೇಡ. ಮರಾಠಿಯಲ್ಲಿ ಬರೆದರೆ ಒಳ್ಳೆಯದು, ನಿಮ್ಮ ಮಕ್ಕಳೇ ಬರೆದುಕೊಡಬಹುದು. ಅದರಲ್ಲಿ ಇರಬೇಕಾದ್ದು ಇಷ್ಟು: ‘ಕೆಳಗೆ ಸಹಿ ಮಾಡಿರುವ ಸದಸ್ಯರಾದ ನಾವು 76ನೇ ಕಲಮಿನಡಿ ವಿಶೇಷ ಸಾಮಾನ್ಯ ಸಭೆ ಕರೆಯಬೇಕೆಂದು ಕೋರುತ್ತೇವೆ. ವಿಷಯ: ಕಟ್ಟಡದ ಸ್ಟ್ರಕ್ಚರಲ್ ಆಡಿಟ್‌ಗೆ ನೋಂದಾಯಿತ ಎಂಜಿನಿಯರರನ್ನು ನೇಮಿಸುವುದು, ಖರ್ಚನ್ನು ಯಾವ ನಿಧಿಯಿಂದ ಭರಿಸಬೇಕೆಂದು ತೀರ್ಮಾನಿಸುವುದು.’ ಇಷ್ಟೇ. ಹಳೆಯ ಲೆಕ್ಕದ ಜಗಳ, ಪಾರ್ಕಿಂಗ್, ನೀರಿನ ಟ್ಯಾಂಕು, ಒಂದನ್ನೂ ಇದರಲ್ಲಿ ತುರುಕಬೇಡಿ. ಒಂದು ವಿಷಯಕ್ಕೆ ಸಹಿ ಹಾಕುವವರು ನಾಲ್ಕು ವಿಷಯ ಕಂಡರೆ ಪೆನ್ನು ಕೆಳಗಿಡುತ್ತಾರೆ.

‘ದುಡ್ಡೆಲ್ಲಿದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮುಂಚೆಯೇ ತಯಾರಾಗಿ. ಮಾದರಿ ಉಪನಿಯಮದಂತೆ ಪ್ರತಿ ಫ್ಲ್ಯಾಟಿನಿಂದ ವರ್ಷಕ್ಕೆ ಕಟ್ಟಡ ವೆಚ್ಚದ ಕನಿಷ್ಠ ಶೇ 0.25ರಷ್ಟು ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ನಿಧಿ), ಶೇ 0.75ರಷ್ಟು ರಿಪೇರಿ ಫಂಡ್ ವಸೂಲಾಗಬೇಕು. ನಿಮ್ಮ ಮೆಂಟೆನೆನ್ಸ್ ಬಿಲ್ಲಿನಲ್ಲೇ ಆ ಎರಡು ಸಾಲು ಇರುತ್ತವೆ. ಕಳೆದ ವಾರ್ಷಿಕ ಸಭೆಯ (ಎಜಿಎಂ) ಬ್ಯಾಲೆನ್ಸ್ ಶೀಟ್ ಮನೆಯಲ್ಲೇ ಎಲ್ಲೋ ಇರುತ್ತದೆ, ತೆಗೆದು ನೋಡಿ ಎಷ್ಟು ಕೂಡಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಭೆಯಲ್ಲಿ ದನಿ ಏರಿಸಬೇಕಾಗಿಲ್ಲ, ಆ ಅಂಕಿಯನ್ನು ಓದಿದರೆ ಸಾಕು. ಇನ್ನೊಂದು ಮಾತು: ಟೆರೇಸ್, ಹೊರಗೋಡೆ, ಮೆಟ್ಟಿಲು, ಹೊರಗಿನ ಪೈಪು ಸೊಸೈಟಿಯ ಜವಾಬ್ದಾರಿ, ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗೆ ಸೋರಿದರೆ ಅದು ಆ ಸದಸ್ಯರ ಜವಾಬ್ದಾರಿ. ಇವೆರಡನ್ನು ಬೆರೆಸಿದರೆ ಸಭೆ ‘ನಿಮ್ಮ ಬಾತ್‌ರೂಮ್, ನಮ್ಮ ಬಾತ್‌ರೂಮ್’ ಎಂದು ಹಾಳಾಗುತ್ತದೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುತ್ತೇವಲ್ಲ, ಆ ಪ್ರಶ್ನೆ ಕೇಳುತ್ತ ಕೂತವರೆಲ್ಲ ಕಟ್ಟುವವರು ಒಬ್ಬರೇ ಆಗಿರಬೇಕು ಎಂದುಕೊಂಡಿರುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯವರಿಗಿಂತ ಎರಡನೆಯವರು ಸಿಗುವುದೇ ಹೆಚ್ಚು ಮುಖ್ಯ. 1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ ಕೇಳಿ, ಸುತ್ತ ಕೂತವರಿಂದ ಬೇಕೆಂದೇ ತಪ್ಪು ಉತ್ತರ ಹೇಳಿಸಿದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರನೇ ಒಂದು ಸಲ ಜನ ತಮ್ಮ ಕಣ್ಣನ್ನೇ ಬಿಟ್ಟು ಗುಂಪಿನ ತಪ್ಪಿಗೆ ಹೂಂ ಅಂದರು. ಆ ಗುಂಪಿನಲ್ಲಿ ಸರಿ ಉತ್ತರ ಹೇಳುವವರು ಒಬ್ಬರೇ ಒಬ್ಬರು ಜೊತೆಗಿದ್ದಾಗ ಹಾಗೆ ತಲೆಯಾಡಿಸುವುದು ಮೊದಲಿದ್ದುದರ ಕಾಲು ಭಾಗಕ್ಕೆ ಇಳಿಯಿತು. ಒಬ್ಬರ ಜೊತೆ ಅಷ್ಟು ಬಲ ಕೊಡುತ್ತದೆ.

ಆದ್ದರಿಂದ ಸಹಿ ಹಾಳೆ ಹಿಡಿದು ಏಳನೇ ಮಾಳಿಗೆಯಿಂದ ಸಾಲಾಗಿ ಬಾಗಿಲು ತಟ್ಟಲು ಹೋಗಬೇಡಿ. ಮೊದಲು ಒಬ್ಬರನ್ನು ಆರಿಸಿ. ಸೊಸೈಟಿಯಲ್ಲಿ ಯಾರ ಗುಂಪಿಗೂ ಸೇರದ, ಜಗಳಕ್ಕೆ ಹೆಸರಾಗದ, ಮಾತಾಡಿದರೆ ಜನ ಕೇಳುವ ಒಬ್ಬರು ಇದ್ದೇ ಇರುತ್ತಾರೆ. ರಿಟೈರಾದ ಶಾಲಾ ಟೀಚರ್ ಇರಬಹುದು, ನಿತ್ಯ ಬೆಳಗ್ಗೆ ಕೆಳಗೆ ಪೇಪರ್ ಓದುವ ಕಾಕಾ ಇರಬಹುದು. ಅವರ ಮನೆಗೆ ಹೋಗಿ ಕೂತು, ಫೋಟೋ ತೋರಿಸಿ, ‘ಕಾಕಾ, ನಾನು ಸಹಿ ಮಾಡಿದ್ದೇನೆ. ಎರಡನೇದು ನಿಮ್ಮದಾದರೆ ಉಳಿದವರು ಮಾಡುತ್ತಾರೆ’ ಎಂದು ನೇರವಾಗಿ ಕೇಳಿ. ಚಹಾ ಕೊಟ್ಟರೆ ಕುಡಿಯಿರಿ, ಅವಸರ ಮಾಡಬೇಡಿ. ಎರಡು ಹೆಸರಿರುವ ಹಾಳೆ ನೋಡಿದ ಮೂರನೆಯವರು ಕೇಳುವ ಪ್ರಶ್ನೆಯೇ ಬೇರೆ. ‘ಇವಳಿಗೇನು ಲಾಭ?’ ಎನ್ನುತ್ತಿದ್ದವರು ‘ಇವರೂ ಮಾಡಿದ್ದಾರಾ?’ ಎನ್ನುತ್ತಾರೆ.

ಲಾಭದ ಮಾತು ಬಂದೇ ಬರುತ್ತದೆ ಎಂಬುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮುಂಬೈಯಲ್ಲಿ ಬಿಲ್ಡಿಂಗ್ ರಿಪೇರಿ ಅಂದರೆ ರಿಡೆವಲಪ್‌ಮೆಂಟ್ (ಹಳೆಯದನ್ನು ಕೆಡವಿ ಹೊಸದು ಕಟ್ಟುವುದು), ರಿಡೆವಲಪ್‌ಮೆಂಟ್ ಅಂದರೆ ಬಿಲ್ಡರ್, ಬಿಲ್ಡರ್ ಅಂದರೆ ಒಳಗಿಂದ ದುಡ್ಡು ಎಂದು ಜನರ ಲೆಕ್ಕ ಓಡುತ್ತದೆ. ಅವರು ಅನುಭವಿಸಿದ್ದೂ ಹಾಗೆಯೇ ಇರಬಹುದು. ಇದಕ್ಕೆ ಸಿಟ್ಟು ಮದ್ದಲ್ಲ. ಎಂಜಿನಿಯರ್ ಹೆಸರನ್ನು ನೀವು ಸೂಚಿಸಬೇಡಿ, ಮೂರು ಕೊಟೇಶನ್ ಕಮಿಟಿಯೇ ತರಿಸಲಿ. ನೀವು ಹಣ ಮುಟ್ಟಬೇಡಿ. ಕೊಟ್ಟ ಪ್ರತಿ ಪತ್ರದ ನಕಲಿನ ಮೇಲೆ ‘ತಲುಪಿದೆ’ ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹೀಗೆ ಮಾಡಿದರೆ ನಿಮ್ಮ ಮೇಲೆ ಬೆರಳು ತೋರಿಸಲು ಯಾರಿಗೂ ಜಾಗ ಸಿಗುವುದಿಲ್ಲ.

ತಿಂಗಳಾದರೂ ಸಭೆ ಕರೆಯದಿದ್ದರೆ ಸಹಕಾರಿ ಸಂಘಗಳ ಉಪನಿಬಂಧಕರಿಗೆ ಬರೆಯಿರಿ. ಸಭೆ ಕರೆಸುವ ಅಧಿಕಾರ ನಿಬಂಧಕರಿಗೆ ಇದೆ. ಆರು ಸಹಿಗೆ ಮೂರೇ ಸಿಕ್ಕಿದರೂ ದಾರಿ ಮುಚ್ಚಿಲ್ಲ. ಅಪಾಯಕಾರಿ ಭಾಗದ ಬಗ್ಗೆ ಪಾಲಿಕೆಯ ಎಸ್ ವಾರ್ಡ್ ಆಫೀಸಿಗೆ ಒಬ್ಬರೇ ದೂರು ಕೊಡಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ನನ್ನ ಸಲಹೆ, ಮೊದಲ ಬಾಗಿಲು ಕಾಕಾನ ಮನೆಯದಾಗಲಿ, ಪಾಲಿಕೆಯದಲ್ಲ. ನೆರೆಹೊರೆಯವರ ಜೊತೆ ನಾಳೆಯೂ ಅದೇ ಮೆಟ್ಟಿಲು ಹತ್ತಬೇಕು. ಒಂದೇ ಒಂದು ಸಂದರ್ಭದಲ್ಲಿ ಈ ಕ್ರಮ ಬಿಟ್ಟುಬಿಡಿ: ಕಂಬದಲ್ಲಿ ಹೊಸ ಬಿರುಕು ಕಂಡರೆ, ಸ್ಲ್ಯಾಬ್ ಜೋತು ಬಿದ್ದಂತೆ ಅನಿಸಿದರೆ ಸಹಿ, ಸಭೆ, ಕಾಕಾ ಯಾವುದಕ್ಕೂ ಕಾಯದೆ ಆ ಕ್ಷಣವೇ ಪಾಲಿಕೆಯ 1916ಕ್ಕೆ ಫೋನ್ ಮಾಡಿ, ಮಕ್ಕಳನ್ನು ಕೆಳಗಿಳಿಸಿ.

ಇದೇ ಸಭೆಯಲ್ಲಿ ಅಲ್ಲ, ಮುಂದೆ ಯಾವಾಗಲಾದರೂ ಕನ್ವೆಯನ್ಸ್ ಆಗಿದೆಯೇ ಎಂದು ಕೇಳಿ. ಅಂದರೆ ಜಾಗ ಬಿಲ್ಡರ್ ಹೆಸರಿನಿಂದ ಸೊಸೈಟಿ ಹೆಸರಿಗೆ ಬಂದಿದೆಯೇ ಎಂದು. ಬಂದಿಲ್ಲದಿದ್ದರೆ ಬಿಲ್ಡರ್ ಸಹಿ ಹಾಕಲೆಂದು ಕಾಯಬೇಕಾಗಿಲ್ಲ. ಮೋಫಾ ಎಂದು ಕರೆಯುವ 1963ರ ಫ್ಲ್ಯಾಟ್ ಮಾಲೀಕತ್ವದ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ತಂದು, ಸೊಸೈಟಿಯೇ ಜಿಲ್ಲಾ ಉಪನಿಬಂಧಕರಲ್ಲಿ ಅರ್ಜಿ ಹಾಕಿ ಡೀಮ್ಡ್ ಕನ್ವೆಯನ್ಸ್ ಪಡೆಯಲು ದಾರಿ ಮಾಡಿಕೊಡಲಾಗಿದೆ. ಬಿಲ್ಡರ್ ಬರಲಿ ಎಂದು ದಶಕಗಟ್ಟಲೆ ಕಾದ ಸೊಸೈಟಿಗಳು ನಮ್ಮ ಊರಿನಲ್ಲಿ ಇನ್ನೂ ಇವೆ ಎಂಬುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಯಜಮಾನರ ‘ಪರಊರು’ ಎಂಬ ಮಾತಿಗೆ ಬರುತ್ತೇನೆ. ಈ ಅಂಜಿಕೆ ನಮ್ಮವರಲ್ಲಿ ಬಹಳ ಇದೆ, ಅದನ್ನು ಹಗುರ ಮಾಡಲಾರೆ. ಹೊರಗಿನಿಂದ ಬಂದವರು ತಲೆ ತಗ್ಗಿಸಿಕೊಂಡಿರಬೇಕು ಎಂದು ಹಿರಿಯರು ಹೇಳಿಕೊಟ್ಟದ್ದು ರಕ್ಷಣೆಗಾಗಿಯೇ. ಆದರೆ ಆ ಹಿರಿಯರು ಸುಮ್ಮನೆ ಕೂತವರೇನೂ ಅಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಊರಿನಲ್ಲಿ ಹುಟ್ಟಿದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ರಾತ್ರಿ ಓದಲು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವರೂ ಆ ತಲೆಮಾರಿನವರೇ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಕೆಲಸ ಹುಡುಕಿಕೊಂಡು ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು, 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಿಂದ ನಿಂತು ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರಂಥವರನ್ನು ಸೋಲಿಸಿದರು. ಅಷ್ಟು ದೂರ ನೀವು ಹೋಗಬೇಕಾಗಿಲ್ಲ. ಮೆಂಟೆನೆನ್ಸ್ ಕಟ್ಟುವ ಮನೆಯವರು ಯಾರೂ ಆ ಸೊಸೈಟಿಗೆ ಹೊರಗಿನವರಲ್ಲ ಎಂಬುದಷ್ಟನ್ನು ಯಜಮಾನರಿಗೆ ನೆನಪಿಸಿ. ಕಮಿಟಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವೂ ಇದೆ. ಅದನ್ನು ಈಗಲೇ ಬಯಸಿ ಎನ್ನುವುದಿಲ್ಲ, ಇದೆ ಎಂದು ತಿಳಿದಿರಲಿ.

ನಿಮ್ಮ ಕೊನೆಯ ಪ್ರಶ್ನೆ, ಇದು ಬದಲಾಗುತ್ತದೆಯೇ ಎಂಬುದು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮಾಯರ್ ಇಬ್ಬರೂ ನಾಯಿಗಳ ಮೇಲೆ ಪ್ರಯೋಗ ಮಾಡಿ, ಏನು ಮಾಡಿದರೂ ನೋವು ತಪ್ಪದಿದ್ದರೆ ಪ್ರಾಣಿಗಳು ಕೈಚೆಲ್ಲಿ ಕೂರುವುದನ್ನು ಕಲಿಯುತ್ತವೆ ಎಂದರು. ಆ ಮಾತು ಎಷ್ಟೋ ವರ್ಷ ಪಾಠವಾಗಿ ನಡೆಯಿತು. 2016ರಲ್ಲಿ ಅವರಿಬ್ಬರೇ ಮಿದುಳಿನ ಹೊಸ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ತಿದ್ದಿದರು. ಕಷ್ಟ ಎಡೆಬಿಡದೆ ಬಂದಾಗ ಕೈಚೆಲ್ಲಿ ಕೂರುವುದು ಕಲಿತದ್ದಲ್ಲ, ಅದು ಮೊದಲಿನಿಂದಲೇ ಇರುವುದು. ‘ನನ್ನ ಕೈಯಲ್ಲಿ ಸ್ವಲ್ಪ ಹತೋಟಿ ಇದೆ’ ಎಂಬುದನ್ನೇ ಮಿದುಳು ಕಲಿಯಬೇಕಾದ್ದು ಎಂದರು. ನನ್ನ ಬಳಿ ಬರುವವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಎಷ್ಟೋ ಜನ ತಮ್ಮಲ್ಲಿ ಏನೋ ಕೆಟ್ಟುಹೋಗಿದೆ ಎಂದು ವರ್ಷಗಟ್ಟಲೆ ತಮ್ಮನ್ನೇ ಹಳಿದುಕೊಂಡಿರುತ್ತಾರೆ. ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಕಲಿಯುವುದು ಬಾಕಿ ಇದೆ, ಮತ್ತು ಅದು ಉಪದೇಶ ಕೇಳಿ ಬರುವ ಕಲಿಕೆಯಲ್ಲ. ಒಂದು ಸಣ್ಣ ಕೆಲಸ ಮಾಡಿ, ಅದರಿಂದ ಏನೋ ಒಂದು ಕದಲಿದ್ದನ್ನು ಕಣ್ಣಾರೆ ಕಂಡಾಗ ಬರುವುದು. ಧೈರ್ಯ ಬಂದ ಮೇಲೆ ಮಾಡುತ್ತೇನೆ ಎನ್ನಬೇಡಿ. ಮಾಡಿದವರಿಗೆ ಅದು ಆಮೇಲೆ ಬರುತ್ತದೆ.

ಎಲ್ಲ ಕಾಯುವಿಕೆಯೂ ತಪ್ಪಲ್ಲ. ಮಗಳ ಓದಿನ ಆಯ್ಕೆ, ತಂಗಿಯ ಸಂಸಾರ, ಗೆಳತಿಯ ದುಃಖ, ಇವು ಅವರವರ ಕೈಯಲ್ಲಿರಬೇಕಾದವು. ಅಲ್ಲಿ ಮುಂದೆ ನುಗ್ಗುವುದು ಉಪದ್ರವ. ನಾನು ಸುಮ್ಮನಿದ್ದರೆ ಯಾರಿಗೆ ಪೆಟ್ಟು ಬೀಳುತ್ತದೆ ಎಂದು ಕೇಳಿಕೊಂಡರೆ ಬಹುತೇಕ ಸಲ ಗೊತ್ತಾಗುತ್ತದೆ.

ಆಫೀಸಿನದು ಸಣ್ಣ ವಿಷಯ. ಸಾಹೇಬರಿಗೆ ನಿಮ್ಮ ಕೆಲಸ ಗೊತ್ತಿದೆ ಎಂಬುದು ನಿಮ್ಮ ಊಹೆ ಮಾತ್ರ. ಈ ವರ್ಷ ಹೊಸದಾಗಿ ವಹಿಸಿಕೊಂಡದ್ದೇನು ಎಂದು ಅರ್ಧ ಪುಟ ಬರೆದು, ‘ಸಂಬಳದ ಬಗ್ಗೆ ಮಾತಾಡಲು ಹದಿನೈದು ನಿಮಿಷ ಬೇಕು’ ಎಂದು ದಿನ ಕೇಳಿ. ಬೇಕಾದ ಅಂಕಿಯನ್ನು ನೀವೇ ಮೊದಲು ಹೇಳಿ.

ಅಮ್ಮನ ಕಣ್ಣಿನದು ಹಾಗಲ್ಲ, ಅದನ್ನು ಬಿಲ್ಡಿಂಗ್‌ಗಿಂತ ಮೊದಲು ಮಾಡಿ. ಪೊರೆ ಬಲಿಯಲಿ, ಆಮೇಲೆ ತೆಗೆಸೋಣ ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಹಿಂದೆ ಅದಕ್ಕೆ ಅರ್ಥವಿತ್ತು. ಈಗಿನ ಫೇಕೋ ವಿಧಾನದಲ್ಲಿ ಪೊರೆಯನ್ನು ಒಳಗೇ ನುಚ್ಚು ಮಾಡಿ ತೆಗೆದು ಲೆನ್ಸ್ ಕೂರಿಸುತ್ತಾರೆ. ತೀರಾ ಬಲಿತು ಗಟ್ಟಿಯಾದರೆ ಆಪರೇಷನ್ನೇ ಕಷ್ಟ. ಮಸುಕು ಕಣ್ಣಿನ ವಯಸ್ಸಾದವರು ಅಂಗಳದಲ್ಲೋ ಬಚ್ಚಲಲ್ಲೋ ಜಾರಿ ಬಿದ್ದರೆ ಸೊಂಟದ ಮೂಳೆಗೆ ಬರುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಕಣ್ಣು, ಅದೇ ದಿನ ಮನೆಗೆ. ಸಕ್ಕರೆ ಕಾಯಿಲೆ ಇದ್ದರೆ ಅದು ಮೊದಲು ಹತೋಟಿಗೆ ಬರಬೇಕು. ಆಪರೇಷನ್‌ಗಿಂತ ದೊಡ್ಡ ಕೆಲಸ ಆಮೇಲಿನದು: ಕೆಲವು ವಾರ ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕಬೇಕು, ಕಣ್ಣಿಗೆ ನೀರು, ಒಲೆಯ ಹೊಗೆ ತಾಗಬಾರದು. ನಿಮ್ಮಣ್ಣ ಎರಡು ವರ್ಷದಿಂದ ಹಿಂಜರಿಯುತ್ತಿರುವುದು ಬಹುಶಃ ಇದಕ್ಕೇ. ಆಸ್ಪತ್ರೆಗೆ ಕರೆದುಕೊಂಡು ಹೋಗಬಲ್ಲ ಗಂಡಸಿಗೂ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕುವ ಲೆಕ್ಕ ತಲೆಭಾರ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ.

ಅವನಿಗೆ ‘ಅಮ್ಮನ ಕಣ್ಣಿಗೆ ಎಂತಾದರೂ ಮಾಡು’ ಎನ್ನಬೇಡಿ. ಗೊಲ್‌ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆಯಲು ಹೇಳಿದ್ದರು. ಎಲ್ಲಿ, ಯಾವಾಗ ಕೂತು ಬರೆಯುತ್ತೇನೆ ಎಂದು ಮೊದಲೇ ಗುರುತು ಹಾಕಿಕೊಂಡವರಲ್ಲಿ ಬರೆದು ಮುಗಿಸಿದವರು ಉಳಿದವರ ಎರಡು ಪಟ್ಟಿಗಿಂತ ಹೆಚ್ಚು. 1997ರ ಈ ಅಧ್ಯಯನವನ್ನು ನಿಮ್ಮ ಮನೆಗೆ ಹೊಂದಿಸಿ ಹೇಳುತ್ತೇನೆ. ಬುಧವಾರ ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಒಂಬತ್ತೂವರೆಗೆ ಅಣ್ಣನಿಗೆ ಫೋನ್. ಮಾತು ಹೀಗಿರಲಿ: ‘ಅಣ್ಣಯ್ಯ, ಅಮ್ಮನ ಕಣ್ಣು ಈ ಸಲ ಮಾಡಿಸುವ. ಮುಂದಿನ ವಾರ ನೀನು ಡಾಕ್ಟ್ರಿಗೆ ತೋರಿಸಿ ತಾರೀಕು ತಕೊ. ಆಪರೇಷನ್ ದಿನದಿಂದ ಹತ್ತು ದಿನ ನಾನು ಬಂದು ಇರ್ತೇನೆ, ಡ್ರಾಪ್ಸ್ ನನ್ನ ಜವಾಬ್ದಾರಿ. ನಾನು ಹೊರಟ ಮೇಲಿನದ್ದು ಅತ್ತಿಗೆ ಹತ್ರ ನಾನೇ ಮಾತಾಡ್ತೇನೆ. ಖರ್ಚು ಅರ್ಧ ಅರ್ಧ.’ ಎರಡು ವರ್ಷ ಯಾಕೆ ಮಾಡಲಿಲ್ಲ ಎಂಬ ಮಾತು ಮಾತ್ರ ಬೇಡ. ಆ ಪ್ರಶ್ನೆ ಅವನೂ ನಿಮ್ಮನ್ನು ಕೇಳಬಹುದು.

ತಾರೀಕು ಗೊತ್ತಾದ ದಿನವೇ ಆಫೀಸಿಗೆ ರಜೆ ಚೀಟಿ ಕೊಡಿ, ಕುರ್ಲಾದಿಂದ ಹೊರಡುವ ಮತ್ಸ್ಯಗಂಧಾಕ್ಕೆ ಟಿಕೆಟ್ ಮಾಡಿ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ರಜೆಯ ದಿನಗಳಲ್ಲಿ ಬೇಗ ಭರ್ತಿಯಾಗುತ್ತದೆ. ಆಗುವುದಾದರೆ ಜೂನ್‌ಗೆ ಮುಂಚೆಯೇ ಹೋಗಿಬನ್ನಿ. ಮಳೆಗಾಲದ ವೇಳಾಪಟ್ಟಿ ಶುರುವಾದರೆ ಕೊಂಕಣ ರೈಲ್ವೆಯಲ್ಲಿ ಗಾಡಿಗಳು ನಿಧಾನ. ಮೆಟ್ಟಿಲ ಮೇಲಿನ ಸ್ಲ್ಯಾಬಿಗೂ ಆ ಮಳೆಗಿಂತ ಮುಂಚೆ ಎಂಜಿನಿಯರ್ ಕಣ್ಣು ಬೀಳಬೇಕು. ಆದ್ದರಿಂದ ಊರಿಗೆ ಹೊರಡುವ ಮೊದಲೇ ಆರು ಸಹಿಯ ಪತ್ರವನ್ನು ಸೆಕ್ರೆಟರಿಗೆ ಕೊಟ್ಟು, ‘ತಲುಪಿದೆ’ ಎಂಬ ನಕಲನ್ನು ಕಾಕಾನ ಹತ್ತಿರ ಬಿಟ್ಟು ಹೋಗಿ. ಸಭೆಗೆ ಕೊಟ್ಟ ಒಂದು ತಿಂಗಳು ನೀವು ಊರಲ್ಲಿದ್ದಾಗಲೂ ಓಡುತ್ತಿರುತ್ತದೆ.